ಮಾನವಶಾಸ್ತ್ರದ ವಿದ್ಯಾರ್ಥಿ ಮತ್ತು ಅನ್ಯರ ನಂಬಿಕೆಯ ಸತ್ಯ

ಒಂದು ಸಮುದಾಯದ ಧರ್ಮವನ್ನು ಅಧ್ಯಯನ ಮಾಡುವವರು ಆ ಧರ್ಮ ಹೇಳುವುದು ನಿಜವೋ ಸುಳ್ಳೋ ಎಂದು ತೀರ್ಮಾನಿಸಬೇಕೆ? ಮಾನವಶಾಸ್ತ್ರ ವಿಶ್ವವಿದ್ಯಾಲಯದ ವಿಷಯವಾಗಿ ನೆಲೆಗೊಂಡಂದಿನಿಂದ ಈ ಪ್ರಶ್ನೆ ಅದರ ಬೆನ್ನು ಬಿಟ್ಟಿಲ್ಲ. ಮತಶಾಸ್ತ್ರ ಓದುವವರಿಗೆ ಒಂದು ಮತದೊಳಗಿನ ನೆಲೆ ಇರುತ್ತದೆ. ತತ್ತ್ವಶಾಸ್ತ್ರ ಓದುವವರು ದೇವರಿದ್ದಾನೆ ಎನ್ನುವ, ಇಲ್ಲ ಎನ್ನುವ ವಾದಗಳನ್ನು ಒರೆಗೆ ಹಚ್ಚುತ್ತಾರೆ. ಮಾನವಶಾಸ್ತ್ರದ ವಿದ್ಯಾರ್ಥಿ ಮಾತ್ರ ಇವೆರಡನ್ನೂ ಮಾಡದೆ, ನಂಬುವ ಜನರ ನಡುವೆ ತಿಂಗಳುಗಟ್ಟಲೆ ಇದ್ದು, ಅವರ ಪೂಜೆ, ಹರಕೆ, ಬಲಿ, ಆವೇಶಗಳನ್ನು ಬರೆದುಕೊಂಡು ಬರಬೇಕು. ಸತ್ಯದ ಪ್ರಶ್ನೆಯನ್ನು ಬದಿಗಿಡಬೇಕು ಎಂಬುದು ಅವರಿಗೆ ಕಲಿಸುವ ಮೊದಲ ಶಿಸ್ತು. ಪದವಿಯ ಮೊದಲ ವರ್ಷದಿಂದ ಪಿಎಚ್.ಡಿ. ಮಹಾಪ್ರಬಂಧದವರೆಗೆ ಈ ಶಿಸ್ತು ಹಲವು ರೂಪ ತಾಳುತ್ತದೆ; ಹಂತ ಏರಿದಂತೆ ಅದನ್ನು ಪಾಲಿಸುವುದೂ ಸಮರ್ಥಿಸುವುದೂ ಕಷ್ಟವಾಗುತ್ತ ಹೋಗುತ್ತದೆ.

ಭಾರತದಲ್ಲಿ ಮಾನವಶಾಸ್ತ್ರದ ಸ್ನಾತಕೋತ್ತರ ಬೋಧನೆ 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಎಚ್. ವಿ. ನಂಜುಂಡಯ್ಯನವರ ಜೊತೆಗೆ ಮೈಸೂರು ಸೀಮೆಯ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳಿಗೆ ಕರ್ತೃವಾದ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅಲ್ಲಿ ಪಾಠ ಹೇಳಿದವರಲ್ಲಿ ಒಬ್ಬರು. ಇಂದಿಗೂ ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ವಿಜ್ಞಾನ ನಿಕಾಯದಲ್ಲಿದೆ. ಬಿ.ಎಸ್‌ಸಿ. ತರಗತಿಯವರು ಒಂದು ಗಂಟೆ ತಲೆಬುರುಡೆಯ ಅಳತೆ ತೆಗೆಯುವುದನ್ನು ಕಲಿತು, ಮುಂದಿನ ಗಂಟೆ ಟೋಟೆಮ್ (ಕುಲಚಿಹ್ನೆ), ಮಾಟ, ಶಾಮನ್‌ಗಳ ಪಾಠ ಕೇಳುತ್ತಾರೆ. ನಾಗರಿಕ ಸೇವಾ ಪರೀಕ್ಷೆಗೆ ಮಾನವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವವರ ಪಠ್ಯಕ್ರಮದಲ್ಲೂ ಇದೇ ಪಟ್ಟಿ ಇದೆ: ಸರ್ವಚೇತನವಾದ, ಪ್ರಕೃತಿಪೂಜೆ, ಟೋಟೆಮ್ ಪದ್ಧತಿ, ಮಾಟಕ್ಕೂ ಧರ್ಮಕ್ಕೂ ವಿಜ್ಞಾನಕ್ಕೂ ಇರುವ ವ್ಯತ್ಯಾಸ, ಪೂಜಾರಿ ಯಾರು, ಮಾಂತ್ರಿಕ ಯಾರು. ಬುರುಡೆಯನ್ನು ವಿಂಗಡಿಸಿದಂತೆ ನಂಬಿಕೆಯನ್ನೂ ವಿಂಗಡಿಸಿ ಬೀರುವಿನಲ್ಲಿಡಬಹುದು ಎಂಬ ಭಾವನೆ ಈ ಹಂತದಲ್ಲಿ ಯಾರೂ ಹೇಳಿಕೊಡದೆಯೇ ಮನಸ್ಸಿಗೆ ಇಳಿದುಬಿಡುತ್ತದೆ.

ಈ ಪಟ್ಟಿಯ ತಲೆಯಲ್ಲಿರುವ ಹೆಸರು ಎಡ್ವರ್ಡ್ ಟೈಲರ್. ಕ್ವೇಕರ್ ಮನೆತನದಲ್ಲಿ ಹುಟ್ಟಿದ ಟೈಲರ್ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಆದರೂ 1871ರಲ್ಲಿ ಪ್ರಕಟವಾದ ‘ಪ್ರಿಮಿಟಿವ್ ಕಲ್ಚರ್’ ಗ್ರಂಥದಿಂದ ಹೊಸ ಶಾಸ್ತ್ರವೊಂದಕ್ಕೆ ಅಡಿಪಾಯ ಹಾಕಿ, 1884ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದರ ಬೋಧಕರಾದರು. ಕನಸಿನಲ್ಲಿ ಸತ್ತವರು ಕಾಣಿಸುತ್ತಾರೆ, ಸತ್ತ ದೇಹದಿಂದ ಏನೋ ಹೊರಟುಹೋದಂತಿರುತ್ತದೆ. ಇವೆರಡನ್ನು ಯೋಚಿಸಿದ ಆದಿಮಾನವ ಆತ್ಮದ ಕಲ್ಪನೆಗೆ ಬಂದ, ಅದನ್ನೇ ಮರ, ಕಲ್ಲು, ನದಿಗಳಿಗೂ ಹಬ್ಬಿಸಿದ ಎಂಬುದು ಅವರ ವಾದ. ಜೇಮ್ಸ್ ಫ್ರೇಜರ್ 1890ರಿಂದ ಬೆಳೆಸುತ್ತ ಹೋದ ‘ದಿ ಗೋಲ್ಡನ್ ಬೋ’ ಗ್ರಂಥದಲ್ಲಿ ಮಾಟ, ಧರ್ಮ, ವಿಜ್ಞಾನಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ಇಬ್ಬರ ಲೆಕ್ಕದಲ್ಲೂ ಧರ್ಮವೆಂದರೆ ತಿಳಿಯಲು ಹೊರಟ ಮನುಷ್ಯ ಮಾಡಿದ ತಪ್ಪು. ಗೌರವಕ್ಕೆ ಅರ್ಹವಾದ, ಆದರೆ ತಪ್ಪೇ ಆದ ವಿವರಣೆ.

ಎಮಿಲ್ ಡರ್ಖೈಮ್ ಈ ನಿಲುವನ್ನು ತಿರುಗಿಸಿ ನಿಲ್ಲಿಸಿದರು. ರಬ್ಬಿಯ ಮಗನಾಗಿ ಹುಟ್ಟಿ, ಆಸ್ಟ್ರೇಲಿಯಕ್ಕೆ ಹೋಗದೆಯೇ ಅಲ್ಲಿನ ಮೂಲನಿವಾಸಿಗಳ ವರದಿಗಳನ್ನು ಓದಿ 1912ರಲ್ಲಿ ಬರೆದ ಗ್ರಂಥದಲ್ಲಿ ಅವರು, ಸುಳ್ಳಾದ ಧರ್ಮವೇ ಇಲ್ಲ ಎಂಬ ನೆಲೆಗೆ ಬಂದರು. ಇಷ್ಟೊಂದು ಜನರನ್ನು ಇಷ್ಟು ಕಾಲ ಹಿಡಿದಿಟ್ಟದ್ದು ಬರೀ ಭ್ರಮೆಯಾಗಿರಲಾರದು. ಟೋಟೆಮ್‌ನ ಮುಂದೆ ಕುಲದವರು ಅನುಭವಿಸುವ ಶಕ್ತಿ ವಾಸ್ತವವೇ, ಆದರೆ ಆ ಶಕ್ತಿ ಅವರ ಸಮಾಜದ್ದು. ಪವಿತ್ರ ಮತ್ತು ಲೌಕಿಕ ಎಂಬ ವಿಭಜನೆ, ಸಾಮೂಹಿಕ ಆಚರಣೆಯಲ್ಲಿ ಉಕ್ಕುವ ಭಾವಾವೇಶ ಇವೆಲ್ಲ ಅಲ್ಲಿಂದ ಬಂದ ಪಾಠಗಳು. ಟೈಲರರಿಗಿಂತ ಡರ್ಖೈಮ್ ಹೆಚ್ಚು ಉದಾರಿ ಎಂದು ತರಗತಿಯಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಸೂಕ್ಷ್ಮವಾಗಿ ನೋಡಿದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಬ್ಬರು ಭಕ್ತನ ಮಾತು ತಪ್ಪು ಎಂದರು. ಇನ್ನೊಬ್ಬರು, ಮಾತು ಸರಿ, ಆದರೆ ಭಕ್ತ ತಿಳಿದಿರುವ ಅರ್ಥದಲ್ಲಿ ಅಲ್ಲ ಎಂದರು. ಎರಡು ಕಡೆಯೂ ತೀರ್ಪು ಭಕ್ತನ ಅನುಪಸ್ಥಿತಿಯಲ್ಲೇ ಆಗಿಹೋಗಿದೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನ ವಿದ್ಯಾರ್ಥಿಗೆ ಇದನ್ನು ಬಿಡಿಸಿ ತೋರಿಸುವ ಅಧ್ಯಾಪಕರು ಸಿಗುವುದು ದೊಡ್ಡ ಭಾಗ್ಯ. ಸಿಗದಿದ್ದರೆ, ಮನೆಯಲ್ಲಿ ಶನಿವಾರದ ಒಪ್ಪತ್ತು ಮಾಡುವ, ರಂಜಾನಿನ ಉಪವಾಸ ಹಿಡಿಯುವ ಹುಡುಗರು ಪರೀಕ್ಷೆಯಲ್ಲಿ ಸರ್ವಚೇತನವಾದದ ವ್ಯಾಖ್ಯೆ ಬರೆದು ಬರುತ್ತಾರೆ, ಎರಡಕ್ಕೂ ಸಂಬಂಧವಿದೆ ಎಂಬ ಅನುಮಾನವೇ ಇಲ್ಲದೆ. ಧರ್ಮದ ಪಾಠ ಎಂದರೆ ಕಾಡಿನವರ ಪಾಠ ಎಂಬ ಪೂರ್ವಗ್ರಹ ಹೀಗೆ ಪದವಿಯೊಂದಿಗೇ ಕೈಸೇರುತ್ತದೆ.

ಬ್ರೊನಿಸ್ಲಾ ಮಾಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮಾಡಿದ ಕ್ಷೇತ್ರಕಾರ್ಯ ಫ್ರೇಜರ್ ಜೋಡಿಸಿದ ಆ ಏಣಿಯನ್ನು ಸ್ವಲ್ಪ ಅಲುಗಾಡಿಸಿತು. ಒಳಗಡಲಿನ ಶಾಂತ ನೀರಿನಲ್ಲಿ ಮೀನು ಹಿಡಿಯುವವರು ಮಂತ್ರ ಹಾಕುವುದಿಲ್ಲ, ಅಪಾಯದ ಹೊರಗಡಲಿಗೆ ಹೊರಟವರು ಹಾಕುತ್ತಾರೆ. ದೋಣಿ ಕಟ್ಟುವ ಲೆಕ್ಕಾಚಾರವೂ ಮಂತ್ರವೂ ಒಬ್ಬನೇ ಮನುಷ್ಯನ ಕೈಯಲ್ಲಿ ಜಗಳವಿಲ್ಲದೆ ಇರುತ್ತವೆ. ಹಿಂದುಳಿದವರು ವಿಚಾರ ಮಾಡಲಾರರು ಎಂಬ ಮಾತನ್ನು ಆಮೇಲೆ ಗಂಭೀರವಾಗಿ ಹೇಳುವುದು ಕಷ್ಟವಾಯಿತು.

ಎಂ.ಎ. ಮಟ್ಟದಲ್ಲಿ ಪ್ರಶ್ನೆ ನಿಜಕ್ಕೂ ತೀಕ್ಷ್ಣವಾಗುತ್ತದೆ, ಮತ್ತು ಅದನ್ನು ತೀಕ್ಷ್ಣಗೊಳಿಸುವ ಪುಸ್ತಕ ಒಂದೇ: ಇ. ಇ. ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ, ದಕ್ಷಿಣ ಸುಡಾನಿನ ಅಜಾಂಡೆ ಜನರ ಮಾಟ ಮತ್ತು ಕಣಿಯ ಅಧ್ಯಯನ. ಅಜಾಂಡೆಯವರ ಪ್ರಕಾರ ಮಾಟದ ಶಕ್ತಿ ಕೆಲವರ ಹೊಟ್ಟೆಯೊಳಗೆ ಹುಟ್ಟಿನಿಂದಲೇ ಇರುವ ಒಂದು ವಸ್ತು. ಧಾನ್ಯದ ಕಣಜವೊಂದು ಕುಸಿದು ಅದರ ನೆರಳಿನಲ್ಲಿ ಕುಳಿತಿದ್ದವರಿಗೆ ಗಾಯವಾಯಿತು ಎನ್ನೋಣ. ಕಂಬಗಳನ್ನು ಗೆದ್ದಲು ತಿಂದಿತ್ತು ಎಂಬುದು ಅಜಾಂಡೆಯವರಿಗೂ ಗೊತ್ತು. ಬಿಸಿಲಿಗೆ ಜನ ನೆರಳು ಹುಡುಕಿ ಅಲ್ಲಿ ಕೂರುತ್ತಾರೆ ಎಂಬುದೂ ಗೊತ್ತು. ಆದರೆ ಇದೇ ಜನ ಕುಳಿತಿದ್ದಾಗ ಇದೇ ಗಳಿಗೆಯಲ್ಲಿ ಏಕೆ ಬಿತ್ತು? ನಮ್ಮ ವಿಜ್ಞಾನ ಅದನ್ನು ಆಕಸ್ಮಿಕ ಎಂದು ಕೈಬಿಡುತ್ತದೆ. ಅಜಾಂಡೆಯವರು ಅಲ್ಲಿಂದಲೇ ವಿಚಾರಣೆ ಶುರುಮಾಡುತ್ತಾರೆ. ಕೋಳಿಮರಿಗೆ ಬೆಂಗೆ ಎಂಬ ವಿಷ ಕುಡಿಸಿ, ಮಾಟ ಮಾಡಿದವನು ಇಂಥವನಾದರೆ ಕೋಳಿ ಸಾಯಲಿ ಎಂದು ಕೇಳುತ್ತಾರೆ. ಉತ್ತರವನ್ನು ಇನ್ನೊಂದು ಕೋಳಿಯ ಮೂಲಕ ತಾಳೆ ನೋಡುತ್ತಾರೆ. ಕಣಿ ತಪ್ಪಾದರೆ ವಿಷ ಕೆಟ್ಟಿತ್ತು, ವಿಧಿ ಮುರಿದಿತ್ತು ಎನ್ನಲು ಅವಕಾಶವಿದೆ. ಒಟ್ಟು ವ್ಯವಸ್ಥೆ ಒಳಗಿನಿಂದ ಎಲ್ಲೂ ಬಿರುಕು ಬಿಡುವುದಿಲ್ಲ.

ಅವರ ನಡುವೆ ಇದ್ದಷ್ಟು ಕಾಲ ಇವಾನ್ಸ್-ಪ್ರಿಚರ್ಡ್ ತಮ್ಮ ಮನೆಯ ವ್ಯವಹಾರವನ್ನೂ ಇದೇ ಕಣಿ ಕೇಳಿ ನಡೆಸಿದರು, ಅದರಿಂದ ತೊಂದರೆಯೇನೂ ಆಗಲಿಲ್ಲ ಎಂದು ದಾಖಲಿಸಿದರು. ಒಂದು ರಾತ್ರಿ ಮಾಟದ ಬೆಳಕು ಎಂದು ಜನ ಹೇಳುವಂಥ ಒಂದು ಬೆಳಕು ಚಲಿಸಿಹೋದದ್ದನ್ನು ಕಂಡರು. ಬೆಳಗಾದಾಗ ಆ ದಿಕ್ಕಿನಲ್ಲಿ ಒಂದು ಸಾವಾಗಿತ್ತು. ಯಾರೋ ಹುಲ್ಲು ಹೊತ್ತಿಸಿಕೊಂಡು ಬಯಲಿಗೆ ಹೋಗಿದ್ದಿರಬಹುದು ಎಂದು ಬರೆದರು. ಇಷ್ಟಾದ ಮೇಲೂ ಅವರ ನಿಲುವು ಖಚಿತವಾಗಿತ್ತು: ಅಜಾಂಡೆ ತರ್ಕ ಸುಸಂಬದ್ಧ, ಆದರೆ ಮಾಟಗಾರರು ವಾಸ್ತವದಲ್ಲಿ ಇಲ್ಲ. ಸತ್ಯದ ಪ್ರಶ್ನೆಯನ್ನು ಬದಿಗಿಡುವ ಶಿಸ್ತನ್ನು ಅಷ್ಟು ಚೆನ್ನಾಗಿ ಪಾಲಿಸಿದವರೇ ಅದಕ್ಕೆ ಉತ್ತರವನ್ನೂ ಕೊಟ್ಟುಬಿಟ್ಟಿದ್ದರು. ಇದು ಅಪ್ರಾಮಾಣಿಕತೆಯಲ್ಲ. ಯಾವ ಓದುಗನೂ ಕೇಳದೆ ಬಿಡದ ಪ್ರಶ್ನೆಗೆ ಮುಖ ತಿರುಗಿಸದೆ ಹೇಳಿದ ಮಾತು ಅದು.

ತತ್ತ್ವಶಾಸ್ತ್ರಜ್ಞ ಪೀಟರ್ ವಿಂಚ್ 1964ರ ಪ್ರಬಂಧದಲ್ಲಿ ಹಿಡಿದದ್ದು ಇದೇ ಜಾಗವನ್ನು. ‘ವಾಸ್ತವದಲ್ಲಿ ಇಲ್ಲ’ ಎನ್ನುವಾಗ ಯಾರ ವಾಸ್ತವದ ಅಳತೆಗೋಲು ಬಳಸಿದಂತಾಯಿತು? ವಿಜ್ಞಾನದ ಪ್ರಯೋಗಕ್ಕೆ ತಕ್ಕ ಅಳತೆಯನ್ನು ಬದುಕಿನ ಅನಿಶ್ಚಯವನ್ನು ಎದುರಿಸುವ ಆಚರಣೆಗೆ ಹಚ್ಚುವುದು ನ್ಯಾಯವೆ? ವಿಂಚ್ ಅವರ ಹಿಂದೆ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಇದ್ದರು. 1931ರಲ್ಲಿ ಫ್ರೇಜರ್ ಓದಿ ಅವರು ಬರೆದುಕೊಂಡ ಟಿಪ್ಪಣಿಗಳ ಸಾರವೂ, ಆಚರಣೆಯನ್ನು ತಪ್ಪಾದ ವಿಜ್ಞಾನವೆಂದು ಓದುವುದೇ ತಪ್ಪು ಎಂಬುದಾಗಿತ್ತು. ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ಅಲಾಸ್ಡೇರ್ ಮ್ಯಾಕಿಂಟೈರ್ ಇದನ್ನು ಒಪ್ಪಲಿಲ್ಲ. ವಿಂಚ್‌ಗಿಂತ ಮೊದಲೇ, 1962ರಲ್ಲಿ, ಅರ್ನೆಸ್ಟ್ ಗೆಲ್ನರ್ ಇಂಥ ಸಹಾನುಭೂತಿಯ ಅಪಾಯವನ್ನು ಹೇಳಿದ್ದರು: ಎಲ್ಲ ನಂಬಿಕೆಯೂ ತನ್ನ ಸಂದರ್ಭದಲ್ಲಿ ಅರ್ಥಪೂರ್ಣವೇ ಎಂದು ಮೊದಲೇ ನಿಶ್ಚಯಿಸಿಕೊಂಡವರಿಗೆ, ಅಸಂಬದ್ಧವಾಗಿರುವುದರಿಂದಲೇ ಅಧಿಕಾರ ಉಳಿಸಿಕೊಂಡಿರುವ ನಂಬಿಕೆಗಳು ಕಾಣಿಸುವುದೇ ಇಲ್ಲ. ಗೆಲ್ನರ್ ಅವರ ಈ ಆಕ್ಷೇಪಕ್ಕೆ ಸಮಾಧಾನಕರವಾದ ಉತ್ತರ ಇನ್ನೂ ಬಂದಿಲ್ಲ. ಜಾತಿಯ ಶುದ್ಧಾಶುದ್ಧಿಯ ಲೆಕ್ಕಗಳನ್ನು ಓದುವ ಭಾರತೀಯ ವಿದ್ಯಾರ್ಥಿ ಅದನ್ನು ಸುಲಭವಾಗಿ ತಳ್ಳಿಹಾಕಲಾರ.

ಭಾರತದ ದರ್ಶನ ಪರಂಪರೆಗೆ ಈ ಕಷ್ಟದ ಒಂದು ಮುಖ ಬಹಳ ಹಿಂದೆಯೇ ಗೊತ್ತಿತ್ತು. ಎದುರಾಳಿಯ ಮತವನ್ನು ಅವನೇ ತಲೆದೂಗುವಷ್ಟು ನಿಷ್ಠೆಯಿಂದ ಮಂಡಿಸದೆ ತನ್ನ ಸಿದ್ಧಾಂತಕ್ಕೆ ಬರಕೂಡದು ಎಂಬ ಪೂರ್ವಪಕ್ಷದ ಪದ್ಧತಿ ಅದು. ಹದಿನಾಲ್ಕನೆಯ ಶತಮಾನದ ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ ಚಾರ್ವಾಕರಿಂದ ತೊಡಗಿ ಒಂದೊಂದು ದರ್ಶನವನ್ನೂ ಅದರದರ ಮಾತಿನಲ್ಲೇ ಹೇಳುತ್ತ ಹೋಗುತ್ತದೆ. ಮಾನವಶಾಸ್ತ್ರದ ಬರವಣಿಗೆಯನ್ನು ಪೂರ್ವಪಕ್ಷದ ಕಲೆಯ ಹತ್ತಿರದ ಬಂಧು ಎನ್ನಬಹುದು. ಆದರೆ ದೊಡ್ಡ ವ್ಯತ್ಯಾಸವೂ ಇದೆ. ದರ್ಶನಕಾರರು ಪೂರ್ವಪಕ್ಷದ ಬಳಿಕ ತಮ್ಮ ಸಿದ್ಧಾಂತ ಹೇಳಿ ಅದಕ್ಕೆ ಹೊಣೆಯಾಗುತ್ತಿದ್ದರು. ಎದುರಾಳಿ ಮರಳಿ ಖಂಡಿಸಬಹುದಿತ್ತು. ಮಾನವಶಾಸ್ತ್ರದವರು ಪೂರ್ವಪಕ್ಷಕ್ಕೇ ನಿಲ್ಲಿಸಿ, ತಮ್ಮ ಸಿದ್ಧಾಂತವನ್ನು ‘ವಿಶ್ಲೇಷಣೆ’ ಎಂಬ ಅಧ್ಯಾಯದಲ್ಲಿ ಸದ್ದಿಲ್ಲದೆ ಸೇರಿಸುತ್ತಾರೆ. ಅಜಾಂಡೆಯವರು ತಮ್ಮನ್ನು ಕುರಿತ ಪುಸ್ತಕಕ್ಕೆ ಖಂಡನೆ ಬರೆಯುವ ಸ್ಥಿತಿ 1937ರಲ್ಲಿ ಇರಲಿಲ್ಲ.

ಇದೇ ಹಂತದಲ್ಲಿ ಓದಬೇಕಾದ ಇನ್ನೊಂದು ವಾದ ತಲಾಲ್ ಅಸದ್ ಅವರದು. ಧರ್ಮವನ್ನು ಸಂಕೇತಗಳ ವ್ಯವಸ್ಥೆ ಎಂದು ವ್ಯಾಖ್ಯಾನಿಸಿದ ಕ್ಲಿಫರ್ಡ್ ಗೀರ್ಟ್ಸ್ ಅವರ 1966ರ ಪ್ರಬಂಧವನ್ನು ವಿಮರ್ಶಿಸುತ್ತ ಅಸದ್, ಧರ್ಮವೆಂದರೆ ಮೊದಲು ಮನಸ್ಸಿನೊಳಗಿನ ನಂಬಿಕೆ ಎನ್ನುವುದೇ ಸುಧಾರಣೋತ್ತರ ಯುರೋಪಿನ ಕ್ರೈಸ್ತ ಅನುಭವದಿಂದ ಬಂದದ್ದು ಎಂದು ತೋರಿಸಿದರು. ನಮ್ಮ ಕಡೆ ಇದು ಕೂಡಲೇ ಮನವರಿಕೆಯಾಗುತ್ತದೆ. ಹಳೇ ಮೈಸೂರಿನ ಹಳ್ಳಿಯಲ್ಲಿ ದೇವರ ಹೂ ಕೇಳಲು ಕುಳಿತವರನ್ನು ‘ನೀವು ದೇವರನ್ನು ನಂಬುತ್ತೀರಾ’ ಎಂದು ಕೇಳಿದರೆ ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತದೆ. ಬಲಗಡೆ ಹೂ ಕೊಡದ ದೇವರನ್ನು ಅವರು ಬೈಯುತ್ತಾರೆ, ಮುನಿಸಿಕೊಳ್ಳುತ್ತಾರೆ, ಮತ್ತೆ ಕೇಳುತ್ತಾರೆ. ಇದು ಮನೆಯ ಹಿರಿಯರೊಂದಿಗಿನ ಸಂಬಂಧದ ಹಾಗೆ ನಡೆಯುವ ವ್ಯವಹಾರ. ಒಂದು ಹೇಳಿಕೆಗೆ ಸಮ್ಮತಿ ಕೊಡುವ ಕ್ರಿಯೆಯಲ್ಲ.

ಪಿಎಚ್.ಡಿ. ಹಂತದಲ್ಲಿ ಓದಿದ್ದೆಲ್ಲ ಊರಿನ ಜಗಲಿಗೆ ಬರುತ್ತದೆ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಒಂದೆಡೆ ಇದ್ದು ಭಾಷೆ ಕಲಿತು ಬದುಕುವುದು ಈ ಶಾಸ್ತ್ರದ ದೀಕ್ಷೆ. ಮೈಸೂರಿನ ಎಂ. ಎನ್. ಶ್ರೀನಿವಾಸ್ ಅವರ ಹಾದಿ ಇಲ್ಲಿ ತುಂಬ ಕಲಿಸುತ್ತದೆ. ಮೈಸೂರಿನಲ್ಲಿ ಪದವಿ, ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಬಳಿ ಉನ್ನತ ವ್ಯಾಸಂಗ, 1945ರಲ್ಲಿ ಆಕ್ಸ್‌ಫರ್ಡ್‌ಗೆ ಪಯಣ. ಕೊಡಗಿನ ಬಗ್ಗೆ ಮುಂಬಯಿಯಲ್ಲಿ ಅವರು ಒಪ್ಪಿಸಿದ್ದ ಪ್ರಬಂಧ ಸಂಪ್ರದಾಯಗಳ ವಿಪುಲ ವಿವರಗಳಿಂದ ತುಂಬಿತ್ತು. ಆಕ್ಸ್‌ಫರ್ಡ್‌ನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್, ಅವರ ನಂತರ ಇವಾನ್ಸ್-ಪ್ರಿಚರ್ಡ್ ಮಾರ್ಗದರ್ಶನದಲ್ಲಿ ಅದೇ ಸಾಮಗ್ರಿ ಬೇರೊಂದು ಪ್ರಶ್ನೆಗೆ ಉತ್ತರವಾಯಿತು: ಆಚರಣೆಗಳು ಸಮಾಜವನ್ನು ಹೇಗೆ ಒಗ್ಗೂಡಿಸುತ್ತವೆ? 1952ರಲ್ಲಿ ಪುಸ್ತಕವಾಗಿ ಬಂದ ಆ ಅಧ್ಯಯನದಲ್ಲಿ ಮಂಗಲ ಕಾರ್ಯಗಳು, ಮಡಿ-ಪೊಲೆಯ ನಿಯಮಗಳು, ಪಿತೃಗಳಿಗೆ ಸಲ್ಲುವ ಸೇವೆ ಇವೆಲ್ಲ ಒಕ್ಕ, ಊರು, ನಾಡುಗಳ ಒಗ್ಗಟ್ಟನ್ನು ಕಟ್ಟುವ ಬಗೆ ನಿಚ್ಚಳವಾಗಿ ಕಾಣುತ್ತದೆ. ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಸಮಾಜವಿಜ್ಞಾನಕ್ಕೆ ದೊರೆತದ್ದೂ ಇಲ್ಲಿಂದಲೇ.

ಆದರೆ ಹಿರಿಯರ ಗುಡಿಯಾದ ಕೈಮಡದ ಮುಂದೆ ದೀಪ ಹಚ್ಚಿ, ಒಕ್ಕದ ಮೂಲಪುರುಷನಾದ ಗುರುಕಾರಣನನ್ನು ನೆನೆಯುವ ಕೊಡವರು ತಾವು ಒಕ್ಕದ ಒಗ್ಗಟ್ಟನ್ನು ಪೂಜಿಸುತ್ತಿದ್ದೇವೆ ಎಂದು ಹೇಳುವುದಿಲ್ಲ. ಗುರುಕಾರಣ ತಮ್ಮನ್ನು ಕಾಯುತ್ತಾನೆ ಎಂದೇ ಹೇಳುತ್ತಾರೆ. ಒಗ್ಗಟ್ಟಿನ ವಿವರಣೆ ಸುಳ್ಳಲ್ಲ, ಅದು ಬಹಳಷ್ಟನ್ನು ಬೆಳಗಿಸುತ್ತದೆ. ಆದರೂ ಪೂಜಿಸುವವರಿಗೆ ಮುಖ್ಯವಾದದ್ದು ಅದರಲ್ಲಿ ಉಪಫಲವಾಗಿಬಿಡುತ್ತದೆ. ವಿಶೇಷವೆಂದರೆ ಇವಾನ್ಸ್-ಪ್ರಿಚರ್ಡ್ ಅವರೇ ಈ ಕೊರತೆಯನ್ನು ಕಂಡುಕೊಂಡರು. 1944ರಲ್ಲಿ ಕ್ಯಾಥೊಲಿಕ್ ಮತ ಸ್ವೀಕರಿಸಿದ ಅವರು, 1956ರಲ್ಲಿ ನುಯೆರ್ ಜನರ ಧರ್ಮವನ್ನು ಕುರಿತು ಬರೆದಾಗ, ಅವರು ಕ್ವೊತ್ ಎಂದು ಕರೆಯುವ ದೈವವನ್ನು ಸಮಾಜದ ನೆರಳು ಎಂದು ವಿವರಿಸಿ ಮುಗಿಸಲಿಲ್ಲ. ಕೊನೆಗೆ ಮಾನವಶಾಸ್ತ್ರ ನಿಲ್ಲಬೇಕಾದ, ದೇವತಾಶಾಸ್ತ್ರ ಮುಂದುವರಿಯಬೇಕಾದ ಗಡಿಯೊಂದಿದೆ ಎಂಬಲ್ಲಿಗೆ ಬಂದು ನಿಂತರು. 1965ರ ಪುಸ್ತಕದಲ್ಲಿ ಇನ್ನೂ ನೇರವಾಗಿ, ಆದಿಮ ಧರ್ಮದ ಬಗ್ಗೆ ಸಿದ್ಧಾಂತ ಕಟ್ಟಿದವರಲ್ಲಿ ಹೆಚ್ಚಿನವರು ಸ್ವತಃ ನಂಬಿಕೆ ಇಲ್ಲದವರಾಗಿದ್ದು, ತಮ್ಮ ನಾಡಿನ ಕ್ರೈಸ್ತಮತದ ವಿರುದ್ಧ ಬಳಸಲು ಇಲ್ಲಿ ಆಯುಧ ಹುಡುಕುತ್ತಿದ್ದರು ಎಂದರು. ನಂಬದವರ ನೋಟವೇ ತಟಸ್ಥ, ನಂಬುವವರ ನೋಟ ಪಕ್ಷಪಾತ ಎಂಬ ಸುಲಭ ಗ್ರಹಿಕೆಗೆ ಇದು ಬಲವಾದ ಪೆಟ್ಟು.

ಕ್ಷೇತ್ರದಲ್ಲಿ ತಟಸ್ಥರಾಗಿರುವುದೇ ಸಾಧ್ಯವಿಲ್ಲದ ಸನ್ನಿವೇಶಗಳೂ ಇವೆ. ಪಶ್ಚಿಮ ಫ್ರಾನ್ಸಿನ ಬೊಕಾಜ್ ಪ್ರದೇಶದಲ್ಲಿ ಮಾಟದ ಬಗ್ಗೆ ವಿಚಾರಿಸಲು ಹೋದ ಜಾನ್ ಫಾವ್ರೆ-ಸಾದಾ ಅವರೊಂದಿಗೆ ಯಾರೂ ಬರೀ ಮಾಹಿತಿಗಾಗಿ ಮಾತನಾಡಲಿಲ್ಲ. ಅಲ್ಲಿ ಮಾಟದ ಮಾತೆತ್ತುವವರು ಮಾಟಕ್ಕೆ ತುತ್ತಾದವರೋ ಅದನ್ನು ತೆಗೆಯುವವರೋ ಆಗಿರಲೇಬೇಕು. ಕೇವಲ ಕೇಳುವವರಿಗೆ ಜಾಗವಿಲ್ಲ. ಆ ಮಾತಿನ ವ್ಯವಹಾರದೊಳಗೆ ಸಿಲುಕಿಕೊಂಡ ಮೇಲೆಯೇ ಅವರಿಗೆ ಅಧ್ಯಯನ ಸಾಧ್ಯವಾಯಿತು. 1977ರ ಅವರ ಪುಸ್ತಕ ಅದರ ಫಲ. ಈಡಿತ್ ಟರ್ನರ್ ಇನ್ನೂ ಮುಂದೆ ಹೋದರು. 1950ರ ದಶಕದಲ್ಲಿ ಪತಿ ವಿಕ್ಟರ್ ಟರ್ನರ್ ಅವರೊಂದಿಗೆ ಈಗಿನ ಜಾಂಬಿಯದ ಎನ್ಡೆಂಬು ಜನರ ನಡುವೆ ಇದ್ದ ಅವರು, 1985ರಲ್ಲಿ ಮರಳಿ ಹೋಗಿ ಇಹಾಂಬಾ ಎಂಬ ಚಿಕಿತ್ಸಾ ವಿಧಿಯಲ್ಲಿ ಭಾಗವಹಿಸಿದರು. ರೋಗಿಯ ಬೆನ್ನಿನಿಂದ ಬೂದುಬಣ್ಣದ ಆಕಾರವೊಂದು ಹೊರಬಂದದ್ದನ್ನು ತಾವು ಕಂಡದ್ದಾಗಿ ಬರೆದರು, ಅದನ್ನು ರೂಪಕ ಎನ್ನಲು ಒಪ್ಪಲಿಲ್ಲ. ಹಲವು ವಿದ್ವಾಂಸರಿಗೆ ಇದು ಇರುಸುಮುರುಸು. ಆದರೆ ಪ್ರತ್ಯಕ್ಷವನ್ನು ಪ್ರಮಾಣವೆಂದು ಒಪ್ಪುವ ಯಾವ ಶಾಸ್ತ್ರವೂ ಒಬ್ಬ ಅನುಭವಿ ಸಾಕ್ಷಿಯ ಮಾತನ್ನು ಪರೀಕ್ಷಿಸದೆ ಬದಿಗಿಡುವುದು ಸರಿಯಲ್ಲ. ಪರೀಕ್ಷಿಸದೆ ಒಪ್ಪುವುದೂ ಸರಿಯಲ್ಲ.

ಇವರಿಬ್ಬರಿಗಿಂತ ಸಮತೋಲದ ದಾರಿ ಇರಾವತಿ ಕರ್ವೆ ಅವರದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಅವರು ಪಂಢರಪುರದ ಯಾತ್ರೆಗೆ ವಾರಕರಿಗಳ ದಿಂಡಿಯೊಂದಿಗೆ ನಡೆದು ಬರೆದ ಪ್ರಬಂಧ ಮಾನವಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಲೇಬೇಕಾದದ್ದು. ಕನ್ನಡ ನಾಡಿಗೂ ಬೇಕಾದ ವಿಠ್ಠಲನ ದಾರಿಯಲ್ಲಿ ಅವರು ಅಭಂಗಗಳ ಸಂತೋಷವನ್ನು ಸಹಯಾತ್ರಿಯಾಗಿ ಅನುಭವಿಸಿದರು. ಒಂದೇ ದಿಂಡಿಯಲ್ಲಿ ಬ್ರಾಹ್ಮಣರೂ ಮರಾಠರೂ ಬೇರೆಬೇರೆ ಅಡುಗೆ ಮಾಡಿಕೊಂಡು ಬೇರೆಬೇರೆ ಉಣ್ಣುವುದನ್ನು ಕಂಡು ನೊಂದರು, ಆ ನೋವನ್ನು ಮುಚ್ಚಿಡಲಿಲ್ಲ. ಸಂತರ ಮಾತನ್ನು ನಿಜವೆಂದು ಗಂಭೀರವಾಗಿ ತೆಗೆದುಕೊಂಡದ್ದರಿಂದಲೇ ಆ ಪಂಕ್ತಿಭೇದ ಅವರಿಗೆ ಚುಚ್ಚಿತು. ನಂಬಿಕೆಯ ಒಳಗಿನ ಮಾನದಂಡದಿಂದಲೇ ನಂಬಿಕೆಯವರ ನಡತೆಯನ್ನು ಅಳೆಯುವ ಈ ಬಗೆಯಲ್ಲಿ ತಿರಸ್ಕಾರವೂ ಇಲ್ಲ, ಮರುಳೂ ಇಲ್ಲ.

ಸತ್ಯದೊಂದಿಗೆ ನ್ಯಾಯದ ಪ್ರಶ್ನೆಯೂ ಎದುರಾದಾಗ ಬದಿಗಿಡುವ ಶಿಸ್ತು ಪೂರ್ತಿ ಸೋಲುತ್ತದೆ. ಅಮೆರಿಕದ ಮಾನವಶಾಸ್ತ್ರ ಸಂಘ 1947ರಲ್ಲಿ ಮಾನವ ಹಕ್ಕುಗಳ ಬಗ್ಗೆ ಹೇಳಿಕೆ ಹೊರಡಿಸಿ, ಒಂದು ಸಂಸ್ಕೃತಿಯ ಮೌಲ್ಯಗಳನ್ನು ಎಲ್ಲರ ಮೇಲೆ ಹೇರುವುದರ ಬಗ್ಗೆ ಎಚ್ಚರಿಸಿತು. ನಾತ್ಸಿಗಳ ನರಮೇಧ ಮುಗಿದು ಎರಡೇ ವರ್ಷವಾಗಿದ್ದ ಆ ಹೊತ್ತಿನಲ್ಲಿ ಅದಕ್ಕೆ ತೀವ್ರ ವಿರೋಧ ಬಂತು. ಕರ್ನಾಟಕದಲ್ಲಿ ಈ ಇಕ್ಕಟ್ಟು ಬಯಲಿಗೆ ಬಂದದ್ದು 1986ರಲ್ಲಿ, ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ. ರೇಣುಕಾಂಬೆಗೆ ಸಲ್ಲಿಸುವ ಬೆತ್ತಲೆ ಸೇವೆಯನ್ನು ತಡೆಯಲು ಹೋದವರಿಗೂ ಭಕ್ತರಿಗೂ ಘರ್ಷಣೆಯಾಯಿತು. ಬಳಿಕ ಸೇವೆಗೆ ನಿಷೇಧ ಬಂತು. ಯು. ಆರ್. ಅನಂತಮೂರ್ತಿ ಇದರ ಬಗ್ಗೆ ಬರೆದ ಪ್ರಬಂಧದಲ್ಲಿ, ಆಧುನಿಕ ಶಿಕ್ಷಣ ಪಡೆದ ಲೇಖಕ ಈ ಭಕ್ತರನ್ನು ಯಾವ ನೆಲೆಯಿಂದ ನೋಡಬಲ್ಲ ಎಂದು ತಮ್ಮನ್ನೇ ಪ್ರಶ್ನಿಸಿಕೊಂಡರು. ಕುಂಕುಮ ಹಚ್ಚಿದ ಕಲ್ಲಿನ ಫೋಟೋ ತೆಗೆಯಲೆಂದು ಅದನ್ನು ಹೊರಗೆ ತಂದ ಕಲಾವಿದರೊಬ್ಬರು ಮೈಲಿಗೆಯಾಯಿತೇನೋ ಎಂದು ಕ್ಷಮೆ ಕೇಳಿದಾಗ, ಇನ್ನೊಂದು ಕಲ್ಲಿಗೆ ಕುಂಕುಮ ಹಚ್ಚಿದರಾಯಿತು ಎಂದು ರೈತ ಹೇಳಿದ ಪ್ರಸಂಗವೂ ಅಲ್ಲಿದೆ. ಯಾವ ಕಲ್ಲೂ ದೇವರಾಗಬಲ್ಲದು ಎಂಬ ಆ ರೈತನ ಮಾತು ಮೂರ್ತಿಯ ಬಗ್ಗೆ ಅವನದೇ ಆದ ಒಂದು ಸಿದ್ಧಾಂತ. ಅದನ್ನು ಮಾಹಿತಿ ಎಂದು ಬರೆದುಕೊಂಡರಷ್ಟೇ ಸಾಲದು. ಅದಕ್ಕೆ ಸಿದ್ಧಾಂತವಾಗಿಯೇ ಉತ್ತರ ಕೊಡಬೇಕು. ಹಾಗೆಯೇ, ದೇವಿಯ ಹೆಸರಿನಲ್ಲಿ ಬಡ ಹೆಂಗಸರ ಮಾನ ಜಾತ್ರೆಯ ಜನರ ಕಣ್ಣಿಗೆ ಬೀಳುವುದು ಸರಿಯೆ ಎಂದು ಕೇಳುವವರ ಪ್ರಶ್ನೆಯನ್ನೂ ‘ಹೊರಗಿನವರ ದೃಷ್ಟಿ’ ಎಂದು ತಳ್ಳಿಹಾಕಲಾಗದು. ಅಂಥ ಪ್ರಶ್ನೆ ಕೇಳಿದವರಲ್ಲಿ ಅದೇ ಸಮುದಾಯಗಳಿಂದ ಬಂದು ಓದಿದವರೂ ಇದ್ದರು.

ಆದ್ದರಿಂದ ಸತ್ಯದ ಪ್ರಶ್ನೆಯನ್ನು ಬದಿಗಿಡುವುದು ಅಧ್ಯಯನದ ಒಂದು ಹಂತದ ವಿಧಾನವೆಂದು ಒಪ್ಪಬಹುದು, ಕೊನೆಯ ನಿಲುವೆಂದು ಒಪ್ಪಲಾಗದು. ಕೇಳುವ ಕಾಲದಲ್ಲಿ ತೀರ್ಪು ತಡೆಹಿಡಿಯದವರಿಗೆ ಏನೂ ಕೇಳಿಸುವುದಿಲ್ಲ. ಕೇಳಿ ಮುಗಿದ ಮೇಲೂ ತೀರ್ಪು ಹೇಳಲೊಲ್ಲದವರು, ಜನ ಪ್ರಾಣಪಣವಾಗಿ ನಿಜವೆಂದು ಹೇಳಿದ್ದನ್ನು ನಿಜ-ಸುಳ್ಳಿನ ಚರ್ಚೆಗೆ ಅರ್ಹವಲ್ಲವೆಂದು ಬಗೆದಂತಾಗುತ್ತದೆ. ಅದು ಟೈಲರ್ ಮಾಡಿದ್ದಕ್ಕಿಂತ ದೊಡ್ಡ ಅಗೌರವ. ಮಹಾಪ್ರಬಂಧವನ್ನು ಇಬ್ಬರು ಮೂವರು ಪರೀಕ್ಷಕರು ಓದಿ ವೈವಾದಲ್ಲಿ ಪ್ರಶ್ನೆ ಕೇಳುತ್ತಾರೆ. ಯಾರ ದೇವರ ಬಗ್ಗೆ ಅದು ಬರೆದದ್ದೋ ಅವರಲ್ಲಿ ಇಂದು ಓದಬಲ್ಲವರು, ಬರೆಯಬಲ್ಲವರು, ತಾವೇ ಮಾನವಶಾಸ್ತ್ರದಲ್ಲಿ ಪದವಿ ಪಡೆದವರು ಇದ್ದಾರೆ. ಅವರೂ ಓದಲು ಆಗುವಂತೆ ಪ್ರಬಂಧದ ಸಾರ ಅವರ ಭಾಷೆಯಲ್ಲಿ ಬರಬೇಕು, ಅವರ ಖಂಡನೆಗೆ ಸಂಶೋಧಕರು ಉತ್ತರಿಸಬೇಕು. ಮಾನವಶಾಸ್ತ್ರದ ಎಂ.ಎ. ಪಠ್ಯದಲ್ಲಿ ಡರ್ಖೈಮ್ ಪಕ್ಕದಲ್ಲಿ ಪ್ರಮಾಣಶಾಸ್ತ್ರದ ಒಂದು ಪತ್ರಿಕೆ ಸೇರಬೇಕು, ತತ್ತ್ವಶಾಸ್ತ್ರ ವಿಭಾಗದವರು ಅದನ್ನು ಬಂದು ಕಲಿಸಬೇಕು. ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಎರಡು ವಿಭಾಗಗಳ ಅಧ್ಯಾಪಕರು ಒಟ್ಟಿಗೆ ಕೂತು ಪಠ್ಯ ರೂಪಿಸಿದರೆ ಮುಂದಿನ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬಹುದು.